ಹುಣಸೆ ಮಂಡಿಯ ಪುಸ್ತಕಗಳು

ನಾನು ಚಿಕ್ಕವಳಿದ್ದಾಗ ಕಂಡದ್ದನ್ನೆಲ್ಲ ಎಣಿಸಿ ಬರೆದಿಡುತ್ತಿದ್ದೆ. ಕೈವಾರದ ಕಡೆಯಿಂದ ಬಂದ ಬಸ್ಸು ಎಷ್ಟು, ನಮ್ಮ ಕೋಳಿ ಇಟ್ಟ ಮೊಟ್ಟೆ ಎಷ್ಟು, ಊಟದ ಮಧ್ಯೆ ಅಪ್ಪ ಎಷ್ಟು ಸಲ ಕೆಮ್ಮಿದರು, ಎಲ್ಲವೂ ತಾರೀಕಿನ ಸಮೇತ ನನ್ನ ನೋಟ್‌ಬುಕ್ಕಿನಲ್ಲಿರುತ್ತಿತ್ತು. ಆಗ ನನಗೆ ಹತ್ತು ವರ್ಷ. ನನ್ನ ಈ ಚಟದಿಂದ ಒಂದು ಶನಿವಾರ ಊರಿನ ಕಾಲೇಜೇ ಮುಚ್ಚಿಹೋಗುವುದರಲ್ಲಿತ್ತು.

ಅದು ಅರವತ್ತರ ದಶಕ. ನಮ್ಮ ಚಿಂತಾಮಣಿಯಲ್ಲಿ ಒಂದು ಪುಟ್ಟ ಕಾಲೇಜು ಆಗಷ್ಟೇ ಶುರುವಾಗಿತ್ತು. ಕನ್ನಡ, ಇಂಗ್ಲಿಷ್, ಚರಿತ್ರೆ, ತರ್ಕಶಾಸ್ತ್ರ, ಇಷ್ಟೇ ಪಾಠಗಳು. ಸ್ವಂತ ಕಟ್ಟಡವಿರಲಿಲ್ಲ. ಪೇಟೆಯ ಹಿಂದಿದ್ದ ಹಳೆಯ ಹುಣಸೆ ಮಂಡಿಯನ್ನು ಅದರ ಯಜಮಾನರು ಬಿಟ್ಟುಕೊಟ್ಟಿದ್ದರು. ಎಷ್ಟು ಸಲ ತೊಳೆದರೂ ನೆಲದ ಹುಳಿ ವಾಸನೆ ಹೋಗುತ್ತಿರಲಿಲ್ಲ. ಅಲ್ಲಿ ಓದುತ್ತಿದ್ದ ನಲವತ್ತಮೂರು ಜನರಲ್ಲಿ ಹುಡುಗಿಯರು ಮೂವರು, ಅವರಲ್ಲೊಬ್ಬಳು ನಮ್ಮ ಅಕ್ಕ. ಸಂಜೆ ಮನೆಗೆ ಬಂದರೆ ಅವಳ ಸೆರಗಿನಲ್ಲೂ ಹುಣಸೆಹಣ್ಣಿನ ವಾಸನೆ. ನನಗೆ ಬಾಯಲ್ಲಿ ನೀರೂರುತ್ತಿತ್ತು.

ಹೈಸ್ಕೂಲಿನ ಮೇಷ್ಟರಾಗಿದ್ದ ಅಪ್ಪ ಈ ಕಾಲೇಜಿಗಾಗಿಯೂ ಓಡಾಡುತ್ತಿದ್ದರು. ಒಂದು ಗುರುವಾರ ಅವರು ಪೆಚ್ಚುಮೋರೆ ಹಾಕಿಕೊಂಡು ಬಂದರು. ಶನಿವಾರ ವಿಶ್ವವಿದ್ಯಾಲಯದಿಂದ ಒಬ್ಬರು ಪರಿಶೀಲನೆಗೆ ಬರುವವರಿದ್ದರು. ಲೈಬ್ರರಿ ಇಲ್ಲದ ಕಾಲೇಜಿಗೆ ಮುಂದಿನ ವರ್ಷ ಅನುಮತಿ ಸಿಗುವುದಿಲ್ಲ. ನಮ್ಮಲ್ಲಿದ್ದದ್ದು ಎರಡು ಖಾಲಿ ಬೀರು. ಕಾಲೇಜು ನಿಂತರೆ ಅಕ್ಕನ ಓದೂ ನಿಂತಂತೆಯೇ. ಅವಳನ್ನು ಪರ ಊರಿನಲ್ಲಿಟ್ಟು ಓದಿಸಲು ಮನೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಅಕ್ಕ ಎದ್ದು ಹಿತ್ತಿಲಿಗೆ ಹೋದಳು. ನಾನು ಬರೆದುಕೊಂಡೆ: 'ಗುರುವಾರ. ಮೊಟ್ಟೆ ಎರಡು. ಅಕ್ಕ ಒಂದೇ ಚೊಂಬನ್ನು ನಾಲ್ಕು ಸಲ ತೊಳೆದಳು.'

ಬೆಳಗಾಗುವಷ್ಟರಲ್ಲಿ ಅಪ್ಪನಿಗೆ ಒಂದು ಉಪಾಯ ಹೊಳೆದಿತ್ತು. ಮನೆಮನೆಯಿಂದ ಪುಸ್ತಕ ಎರವಲು ತಂದು ಬೀರು ತುಂಬಿಸುವುದು, ಪರಿಶೀಲನೆ ಮುಗಿದ ಮೇಲೆ ತಿರುಗಿ ಕೊಡುವುದು.

"ಪಟ್ಟಿ ನೀನೇ ಬರಿಯಮ್ಮ. ನಿನ್ನಷ್ಟು ಚೊಕ್ಕವಾಗಿ ಯಾರ್ ಬರೀತಾರೆ?" ಎಂದರು ಅಪ್ಪ. ನಾನು ಹಿಗ್ಗಿ ಹೀರೇಕಾಯಿಯಾದೆ. ಹೊಸ ನೋಟ್‌ಬುಕ್ಕಿನಲ್ಲಿ ಗೀಟೆಳೆದು ಮೂರು ಕಾಲಂ ಮಾಡಿದೆ: ಪುಸ್ತಕ, ಯಾರ ಮನೆಯದು, ತಿರುಗಿ ಕೊಡುವ ದಿನ.

ಶುಕ್ರವಾರವಿಡೀ ಪುಸ್ತಕಗಳು ಬಂದವು. ತರಕಾರಿ ಬುಟ್ಟಿಯಲ್ಲಿ, ಗೋಣಿಚೀಲದಲ್ಲಿ, ಒಂದು ಮನೆಯಿಂದ ಮಗುವಿನ ತೊಟ್ಟಿಲಿನಲ್ಲಿ. ಎದುರುಮನೆಯ ತೆಲುಗು ಅಜ್ಜಿ ಹಳದಿ ಬಟ್ಟೆಯಲ್ಲಿ ಸುತ್ತಿದ್ದ ದಪ್ಪ ಪುರಾಣವೊಂದನ್ನು ಕೊಟ್ಟರು. ರೇಷ್ಮೆ ನೂಲು ತೆಗೆಸುತ್ತಿದ್ದ ಸಾಹೇಬರು ತಮ್ಮ ಉರ್ದು ಪುಸ್ತಕಗಳನ್ನು ತಾವೇ ಹೊತ್ತು ತಂದರು. ಅವುಗಳಿಗೆ ಬೆಂದ ರೇಷ್ಮೆಗೂಡಿನ ವಾಸನೆಯಿತ್ತು. ಕೊನೆಗೆ ಅಪ್ಪ ತಮ್ಮ ನಿಘಂಟನ್ನು ತಂದಿಟ್ಟರು. ದಿನಾ ಸಂಜೆ ಕಾಫಿ ಕುಡಿಯುತ್ತ ಅದರಲ್ಲೊಂದು ಹೊಸ ಪದ ನೋಡದಿದ್ದರೆ ಅಪ್ಪನಿಗೆ ಸಮಾಧಾನವಿರುತ್ತಿರಲಿಲ್ಲ. ಅದೇ ಪಟ್ಟಿಯ ಕೊನೆಯ ಸಾಲು. ಒಟ್ಟು ನಾನೂರ ಆರು ಪುಸ್ತಕ. ಮೂರನೆಯ ಕಾಲಂನಲ್ಲಿ ಎಲ್ಲಕ್ಕೂ ಒಂದೇ ಮಾತು ಬರೆದೆ: 'ಭಾನುವಾರ'.

ಶನಿವಾರ ಬಂದವರು ಕರಿಕೋಟಿನ ತೆಳ್ಳನೆಯ ಮನುಷ್ಯ. ಬೀರು ನೋಡಿ ಅವರ ಮುಖ ಅರಳಿತು. "ಪರವಾಗಿಲ್ವೇ, ಮೂರು ಭಾಷೆ! ರಿಜಿಸ್ಟರ್ ಇಟ್ಟಿದೀರೇನು?"

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಓಡಿಹೋಗಿ ನೋಟ್‌ಬುಕ್ ಕೊಟ್ಟೆ. ಅಕ್ಕ ಹಿಂದಿನಿಂದ ನನ್ನ ಜಡೆ ಎಳೆದಳು, ಆದರೆ ತಡವಾಗಿತ್ತು. ಅವರು ಒಂದು ಪುಟ ತಿರುವಿದರು, ಮತ್ತೊಂದು ತಿರುವಿದರು.

"ಭಾನುವಾರ ಅಂದ್ರೆ ನಾಳೇನಾ ಮಗು?"

"ಹೌದು ಸಾರ್."

"ನಾಳೆ ಇವೆಲ್ಲ ಮನೆಗೆ ಹೋಗ್ಬಿಡ್ತವೆ?"

"ಹೌದು ಸಾರ್. ಮಾತು ಕೊಟ್ಟಿದೀವಿ."

ಅಪ್ಪ ತಲೆ ತಗ್ಗಿಸಿದರು. ಅಪ್ಪ ಹಾಗೆ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬಂದವರು ಬೈಯಲಿಲ್ಲ. "ತಿರುಗಿ ಹೋಗೋ ಪುಸ್ತಕ ಲೆಕ್ಕಕ್ಕೆ ಬರಲ್ಲ ಮೇಷ್ಟ್ರೇ. ಊಟ ಮಾಡ್ಕೊಂಡು ಮೂರು ಗಂಟೆಗೆ ಬರ್ತೀನಿ. ಕಾಲೇಜಿಂದು ಅಂತ ಆಗ ಏನಿರುತ್ತೋ ಅದನ್ನ ಬರ್ಕೊಂಡು ಹೋಗ್ತೀನಿ," ಎಂದು ಹೊರಟರು.

ನನಗೆ ಅಳು ಬಂತು. ಅಕ್ಕ ನನ್ನ ಕೈ ಹಿಡಿದೆಳೆದಳು. "ಆಮೇಲೆ ಅಳೋಣ ಕಣೇ. ಪೆನ್ಸಿಲ್ ತಗೋ, ನಡಿ."

ಬಿಸಿಲಿಗೆ ಕಾದ ಬೀದಿಯಲ್ಲಿ ಓಡಿದೆವು. ತೆಲುಗು ಅಜ್ಜಿ ಬಾಗಿಲಲ್ಲೇ ಕೂತಿದ್ದರು. "ಏಮ್ಮಾ, ಮಳ್ಳೀ ವಚ್ಚಿನಾವಾ? ಮತ್ತೆ ಬಂದ್ಯಾ? ಇನ್ನೇನೂ ಇಲ್ಲ ನನ್ ಹತ್ರ. ರುಬ್ಬೋ ಗುಂಡು ಬೇಕಾದ್ರೆ ಹೊತ್ಕೊಂಡೋಗು!"

ಅಕ್ಕ ನಡೆದದ್ದನ್ನೆಲ್ಲ ಹೇಳಿ, ಪುಸ್ತಕವನ್ನು ಕಾಲೇಜಿಗೇ ಬಿಟ್ಟುಕೊಡುತ್ತೀರಾ ಎಂದು ಕೇಳಿದಳು. ಅಜ್ಜಿಯ ನಗು ನಿಂತಿತು. ಅದು ತೀರಿಕೊಂಡ ಅವರ ಗಂಡ ಓದುತ್ತಿದ್ದ ಪುಸ್ತಕ.

"ಅಲ್ಲಿ ಕೂತ್ಕೊಂಡು ನೀನು ಓದ್ತೀಯಾ ಅದನ್ನ?"

"ತೆಲುಗು ಅಕ್ಷರ ಕಲ್ತು ಓದ್ತೀನಿ ಅಜ್ಜಿ."

"ನಂಗೆ ಓದಕ್ಕೆ ಬರಲ್ಲಮ್ಮ. ಬರೀ ಅರಿಶಿನ ಕುಂಕುಮ ಹಾಕ್ತಿದ್ದೆ." ಅಜ್ಜಿ ಕಣ್ಣೊರೆಸಿಕೊಂಡರು. "ಹೊಡ್ದಾಕು ಆ ಭಾನುವಾರನ."

ನಾನು ಆ ಪದದ ಮೇಲೆ ಗೀಟು ಹೊಡೆದೆ. ಸಾಹೇಬರು "ಮುಂದೆ ನಮ್ ಹುಡುಗೀನೂ ಅಲ್ಲಿಗೇ ಬರ್ಬೇಕಲ್ಲಮ್ಮ" ಎಂದು ತಮ್ಮವೆಲ್ಲಕ್ಕೂ ಗೀಟು ಹೊಡೆಸಿದರು. ಕೆಲವರು ಆಗುವುದಿಲ್ಲ ಎಂದರು. ಕೆಲವು ಮನೆಗಳಿಗೆ ಬೀಗ. ನಿಘಂಟಿನ ವಿಷಯವನ್ನು ಮಾತ್ರ ನಾನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಅಪ್ಪನನ್ನು ಅದೊಂದು ಕೇಳಲು ನಮಗೆ ಮನಸ್ಸಾಗಲಿಲ್ಲ. ಮಂಡಿಗೆ ವಾಪಸಾಗಿ, ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಹಿಂದೆ ಹೋಗಿ ಹೊಟ್ಟೆ ತುಂಬ ನೀರು ಕುಡಿದೆವು.

ಮೂರು ಗಂಟೆಗೆ ನಾನು ಹೇಳಿದೆ: "ಇನ್ನೂರ ಹನ್ನೊಂದು ಸಾರ್."

ಅವರು ಬೆರಳಿಟ್ಟು ಎಣಿಸಿದರು. "ಇನ್ನೂರ ಹನ್ನೆರಡು ಮಗು. ಒಂದು ಬಿಟ್ಟಿದೀಯ."

ನನ್ನ ಎಣಿಕೆ ತಪ್ಪುವುದೇ? ಬಗ್ಗಿ ನೋಡಿದೆ. ಉಳಿದವೆಲ್ಲ ಪೆನ್ಸಿಲ್ ಗೀಟುಗಳು. ಕೊನೆಯ ಸಾಲಿನಲ್ಲಿ ಮಾತ್ರ, ಅಪ್ಪ ಮಕ್ಕಳ ಉತ್ತರ ತಿದ್ದುವ ಕೆಂಪು ಶಾಯಿಯಲ್ಲಿ, ಒಂದು ನೇರವಾದ ಗೀಟಿತ್ತು. ನಾನು ತಲೆಯೆತ್ತಿದೆ. ಅಪ್ಪ ಕಿಟಕಿಯಾಚೆ ನೋಡುತ್ತ ನಿಂತಿದ್ದರು.

"ಇದು ಸಾಲದು," ಎಂದರು ಬಂದವರು, ಬರೆದುಕೊಳ್ಳುತ್ತ. "ಒಂದು ವರ್ಷ ಕೊಡ್ತೀನಿ. ಅಷ್ಟರಲ್ಲಿ ಇನ್ನೂ ಸೇರಿಸಿ."

ಅಕ್ಕ ನನ್ನನ್ನು ಎತ್ತಿಕೊಂಡು ಹುಳಿ ವಾಸನೆಯ ಆ ನೆಲದ ಮೇಲೆ ಒಂದು ಸುತ್ತು ತಿರುಗಿಸಿದಳು. ಮಾರನೆಯ ದಿನ ಉಳಿದ ನೂರ ತೊಂಬತ್ತನಾಲ್ಕು ಪುಸ್ತಕಗಳನ್ನು, ಹೇಳಿದ ಮಾತಿನಂತೆ, ಮನೆಮನೆಗೆ ಮುಟ್ಟಿಸಿ ಬಂದೆವು.

ಆಮೇಲೆ ಅಪ್ಪ ವಾರದಲ್ಲಿ ಕಂಡ ಕಷ್ಟದ ಪದಗಳನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು, ಶನಿವಾರ ಸಂಜೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಕಾಲೇಜಿಗೆ ನಡೆದು ಹೋಗುತ್ತಿದ್ದರು. ಆ ವರ್ಷ ಹಾಗೆ ಹೋದದ್ದು ಮೂವತ್ತೆಂಟು ಶನಿವಾರ. ಅಕ್ಕ ಅಲ್ಲೇ ಬಿ.ಎ. ಮುಗಿಸಿದಳು. ಅಜ್ಜಿಯ ಪುರಾಣವನ್ನೂ ಓದಿ ಮುಗಿಸಿದಳು, ಅಜ್ಜಿಯ ಜಗಲಿಯ ಮೇಲೆ ಕೂತು, ಗಟ್ಟಿಯಾಗಿ.

ಮಕ್ಕಳೇ, ನಿಮಗೆ ಈಗ ಒಂದು ಪದ ತಿಳಿಯದಿದ್ದರೆ ಫೋನಿಗೆ ಹೇಳುತ್ತೀರಿ, ಅದು ಥಟ್ಟನೆ ಅರ್ಥ ಹೇಳುತ್ತದೆ. ನನಗೂ ಅದು ಇಷ್ಟವೇ. ಕಾಲೇಜಿಗೂ ಈಗ ದೊಡ್ಡ ಕಟ್ಟಡವಿದೆ, ಅಲ್ಲಿ ಹುಣಸೆ ವಾಸನೆ ಇಲ್ಲ. ಹೋದ ತಿಂಗಳು ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನೀವು ಒಂದು ಹರಕು ನಿಘಂಟನ್ನು ನೋಡಿ, "ಇದನ್ನ ಯಾರು ಓದ್ತಾರಜ್ಜಿ?" ಎಂದು ನಕ್ಕಿರಲ್ಲ? ಅದರ ಪುಟಗಳ ಅಂಚಿನಲ್ಲಿ ಕಾಫಿಯ ಕಲೆಗಳಿವೆ. ನಾನು ಎಣಿಸತೊಡಗಿದೆ. ಹನ್ನೊಂದಾದ ಮೇಲೆ ಎಣಿಕೆ ತಪ್ಪಿತು. ಮುಂದಿನ ಸಲ ಹೋದಾಗ ನೀವೇ ಎಣಿಸಿ ಹೇಳಿ.