ಪಾಳು ಅಬೆಯಲ್ಲಿ ಕೇಳಿದ ಬೆಸಾಂವ್

ಮ್ಯಾಗ್ಡಲಿನ್ ಬಾಯಿ ಸುಳ್ಳು ಹೇಳುವುದನ್ನು ಸರಿಯಾಗಿ ಕಲಿತದ್ದು ಸಿಡ್ನಿಯ ಒಂದು ಆಸ್ಪತ್ರೆಯಲ್ಲಿ. ಅದಕ್ಕೆ ಮೊದಲು ಸುಳ್ಳೇ ಹೇಳಿರಲಿಲ್ಲ ಎಂದಲ್ಲ. ತವರಿನಲ್ಲಿ ಎಲ್ಲ ಹುಡುಗಿಯರಂತೆ ಚಿಲ್ಲರೆ ಸುಳ್ಳು ಹೇಳಿ, ಶನಿವಾರ ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿ ತೊಳೆದುಕೊಂಡವಳೇ. ಆದರೆ ಎದುರಿಗೆ ಡಾಕ್ಟರು, ಪಕ್ಕದಲ್ಲಿ ಮುರಿದ ಕೈಯನ್ನು ಎದೆಗೊತ್ತಿಕೊಂಡು ಕೂತ ಹದಿನೇಳರ ಮಗ, ಹೊರಗೆ ಕಾರಿನಲ್ಲಿ ಸಿಗರೇಟು ಸೇದುತ್ತ ಕಾಯುವ ಗಂಡ, ಇಷ್ಟನ್ನೂ ಇಟ್ಟುಕೊಂಡು ಕಣ್ಣು ಮಿಟುಕಿಸದೆ “ಸೈಕಲ್ಲಿನಿಂದ ಜಾರಿ ಬಿದ್ದ” ಎಂದದ್ದು ಅದೇ ಮೊದಲು. ನೈಜೆಲ್ ಹತ್ತಿರ ಸೈಕಲ್ಲೇ ಇರಲಿಲ್ಲ.

ಕೈ ಮುರಿದದ್ದು ಕಾಯಿ ತುರಿಯುವ ಮಣೆಯಿಂದ. ಮಂಗಳೂರಿನಿಂದ ಬರುವಾಗ ಬಟ್ಟೆಯ ನಡುವೆ ಸುತ್ತಿ ತಂದಿದ್ದ ಹಲಸಿನ ಮರದ ಮಣೆ ಅದು. ಗಂಡ ಫೆಲಿಕ್ಸ್ ಅದನ್ನು ಅಡುಗೆಮನೆಯಿಂದ ಹಾಲಿಗೆ ಬೀಸಿ ಒಗೆದ. ಕಾರಣವೇನು ಗೊತ್ತೇ? ಹುಡುಗ ತೇರ್ಸ್ ಹೇಳುವಾಗ, ಅಂದರೆ ಮನೆಯವರೆಲ್ಲ ಮೊಣಕಾಲೂರಿ ಜಪಮಾಲೆ ಹಿಡಿದ ಹೊತ್ತಿನಲ್ಲಿ, ಆಕಳಿಸಿದ. ಅಷ್ಟೇ. ಮಗ ಆಕಳಿಸಿದನೆಂದು ಮಗನ ಎಲುಬು ಮುರಿಯುವ ಭಕ್ತಿ ಅದೆಂಥ ಭಕ್ತಿಯೋ, ದೇವರೇ ಬಲ್ಲ.

ಹೊರಗಿನವರಿಗೆ ಫೆಲಿಕ್ಸ್ ಅಪ್ಪಟ ಚಿನ್ನ. ಬಾಯ್ಲರ್ ಫ್ಯಾಕ್ಟರಿಯಲ್ಲಿ ವೆಲ್ಡರ್ ಕೆಲಸ, ಇಗರ್ಜಿಯ ಗಾಯನವೃಂದದಲ್ಲಿ ಗಟ್ಟಿ ದನಿ, ಯಾರ ಮನೆ ಬದಲಾದರೂ ಸೋಫಾ ಹೊರಲು ಮೊದಲು ಓಡಿ ಬರುವ ಮನುಷ್ಯ. ಸಿಡ್ನಿಯ ಅಂಚಿನ ಗಿರಾವೀನಿನ ಆ ಇಟ್ಟಿಗೆ ಮನೆಯ ಬಾಗಿಲು ಹಾಕಿದ ಮೇಲೆ ಬೇರೆಯೇ ಆಸಾಮಿ. ಬೆಲ್ಟು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಮಾರ್ಕು ಕಡಿಮೆಯಾದರೆ ಬೆಲ್ಟು, ಎದುರು ಮಾತಾಡಿದರೆ ಬೆಲ್ಟು, ಫ್ಯಾಕ್ಟರಿಯಲ್ಲಿ ಫೋರ್‌ಮನ್ ಬೈದರೂ ಅದೇ ಬೆಲ್ಟು. ಮ್ಯಾಗ್ಡಲಿನ್ ಅಡ್ಡ ಬಂದರೆ ಅವಳಿಗೂ ಬೀಳುತ್ತಿತ್ತು. ಹಾಗಾಗಿ ಒಂದೆರಡು ವರ್ಷ ಅಡ್ಡ ಬಂದವಳು ಆಮೇಲೆ ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆಯತೊಡಗಿದಳು. ನಲ್ಲಿಯ ಸದ್ದಿನಲ್ಲಿ ಉಳಿದದ್ದು ಕೇಳಿಸುತ್ತಿರಲಿಲ್ಲ.

ಇದೆಲ್ಲದಕ್ಕಿಂತ ಕೆಟ್ಟದ್ದು ಬೆಸಾಂವ್. ಕರಾವಳಿಯ ಕ್ರಿಶ್ಚಿಯನ್ ಮನೆಗಳಲ್ಲಿ ತೇರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಜೋಡಿಸಿ ತಲೆಬಾಗಿ “ಬೆಸಾಂವ್ ದಿ” ಎಂದು ಕೇಳಬೇಕು, ಆಶೀರ್ವಾದ ಕೊಡಿ ಎಂದು. ಹಿರಿಯರು ಕೈಯೆತ್ತಿ, ತಲೆಯ ಮೇಲಿಟ್ಟು, ದೇವರು ಒಳ್ಳೆಯದು ಮಾಡಲಿ ಅನ್ನುತ್ತಾರೆ. ಒಳ್ಳೆಯ ಪದ್ಧತಿಯೇ, ಯಾರು ಬೇಡವೆಂದರು? ಆದರೆ ಬೆಲ್ಟಿನ ಬಾಸುಂಡೆ ಇನ್ನೂ ಉರಿಯುತ್ತಿರುವಾಗ ಅದೇ ಕೈಯ ಕೆಳಗೆ ತಲೆ ಕೊಡಬೇಕಾದ ಹುಡುಗನ ಪಾಡು? ಫೆಲಿಕ್ಸನ ಕೈ ಮೇಲೇಳುತ್ತಲೇ ನೈಜೆಲ್‌ನ ಎರಡೂ ತೋಳು ತಾವಾಗಿ ತಲೆಗೆ ಸುತ್ತಿಕೊಳ್ಳುತ್ತಿದ್ದವು, ಮೊಣಕೈ ಎರಡೂ ಮುಂದಕ್ಕೆ ಚಾಚಿಕೊಂಡು. “ಎಂತ ನಾಟಕ ನಿನ್ನದು?” ಎಂದು ಫೆಲಿಕ್ಸ್ ಆ ತೋಳು ಸರಿಸಿ ಆಶೀರ್ವಾದ ಕೊಡುತ್ತಿದ್ದ.

ಕೈಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿದ ವಾರ ನೈಜೆಲ್ ಮೆಲ್ಬರ್ನಿನ ಬಸ್ಸು ಹತ್ತಿದ. ಅಪ್ಪನ ಜೊತೆ ಮಾತು ಅಲ್ಲಿಗೇ ನಿಂತಿತು. ಅಲ್ಲಿನ ಕ್ರಾನ್‌ಬರ್ನಿನಲ್ಲಿ ಎಲೆಕ್ಟ್ರಿಷಿಯನ್ ಆದ, ಮನೆ ಕೊಂಡ, ಉಡುಪಿ ಕಡೆಯ ಶರಲ್‌ಳನ್ನು ಮದುವೆಯಾದ. ಮದುವೆಗೆ ಮ್ಯಾಗ್ಡಲಿನ್ ಒಬ್ಬಳೇ ಹೋಗಿ ಬಂದಳು. ಮಗಳು ಲೀಶಾ ಹುಟ್ಟಿದ ಮೇಲೆ ಅವನು ಅಮ್ಮನಿಗೆ ಮಾತ್ರ ವಿಡಿಯೋ ಕಾಲ್ ಮಾಡುತ್ತಿದ್ದ. ಫೆಲಿಕ್ಸ್ ಹಿಂದಿನಿಂದ ಹಾದು ಹೋದರೆ ಸ್ಕ್ರೀನು ಕಪ್ಪಾಗುತ್ತಿತ್ತು.

ಅಷ್ಟರಲ್ಲಿ ಫೆಲಿಕ್ಸ್ ಮುದುಕನಾದ. ಎದೆ ಸೀಳಿ ಬೈಪಾಸ್ ಮಾಡಿದರು, ಕುಡಿತ ನಿಂತಿತು, ಕೈ ನಡುಗತೊಡಗಿತು. ಹೆಂಡತಿಗೆ ಬೆಳಗಿನ ಚಹಾ ತಾನೇ ಮಾಡಿಕೊಡುವಷ್ಟು ಸಾಧುವಾದ. ಮೈಯಲ್ಲಿ ಕಸುವಿಲ್ಲದಾಗ ಸಾಧುವಾಗುವುದು ಏನು ಮಹಾ ಎಂದು ನೀವು ಕೇಳಬಹುದು. ಮ್ಯಾಗ್ಡಲಿನ್ ಕೂಡ ಎಷ್ಟೋ ಸಲ ಆ ಚಹಾ ಕುಡಿಯುತ್ತ ಅದನ್ನೇ ಕೇಳಿಕೊಂಡಿದ್ದಳು.

ಎರಡು ಸಾವಿರದ ಹದಿನಾರರ ಆಗಸ್ಟಿನಲ್ಲಿ ನೈಜೆಲ್ ತಾನಾಗಿ ಕರೆದ. ಲೀಶಾಗೆ ಏಳು ವರ್ಷ, ಅಜ್ಜನನ್ನು ನೋಡಬೇಕೆಂದು ಹಟ ಹಿಡಿದಿದ್ದಳು. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತ್, ಮೇರಿಮಾತೆಯ ಹುಟ್ಟುಹಬ್ಬ. ಈ ಸಲ ಮೆಲ್ಬರ್ನಿನ ಕೊಂಕಣಿ ಕುಟುಂಬಗಳೆಲ್ಲ ಸೇರಿ ಬೆಟ್ಟದ ಕಡೆಯ ಸೇಂಟ್ ಕೀರನ್ ಅಬೆಯಲ್ಲಿ ಮಾಡುತ್ತಿದ್ದಾರೆ, ಬನ್ನಿ ಎಂದ. ಆಮೇಲೆ ದನಿ ತಗ್ಗಿಸಿ ಒಂದು ಮಾತು ಸೇರಿಸಿದ.

“ಲೀಶಾ ಮೈಮೇಲೆ ಡ್ಯಾಡಿಯ ಒಂದೇ ಒಂದು ಏಟು ಬಿದ್ರೂ ಮುಗೀತು, ಮಮ್ಮಿ. ಮತ್ತೆ ನೀವಿಬ್ರೂ ಅವಳನ್ನ ನೋಡೋದಿಲ್ಲ. ನೀನೂ ಸಹ.”

ನೀನೂ ಸಹ! ಆ ಮಾತು ಮ್ಯಾಗ್ಡಲಿನ್ ಎದೆಗೆ ಚೂರಿ ಹಾಕಿದಂತೆ ಇಳಿಯಿತು. ಇಳಿದರೂ ಅದು ನ್ಯಾಯವೇ ಅನ್ನಿಸಿತು. ಅಪ್ಪ-ಮಗ ಹೇಗಾದರೂ ಒಂದಾಗಬೇಕು, ಮೊಮ್ಮಗಳು ಕೈತಪ್ಪಬಾರದು, ಅವಳಿಗೆ ಬೇಕಾದದ್ದು ಇಷ್ಟೇ. ಅದಕ್ಕೊಂದು ಉಪಾಯವನ್ನೂ ಹೂಡಿದಳು. ವಿಡಿಯೋ ಕಾಲಿನಲ್ಲಿ ನೈಜೆಲ್ ಅತ್ತ ಹೋದಾಗಲೆಲ್ಲ ಲೀಶಾಗೆ ಗುಟ್ಟಾಗಿ ಬೆಸಾಂವ್ ಕಲಿಸಿದಳು. ಮೊಣಕಾಲೂರಬೇಕು, ಕೈ ಜೋಡಿಸಬೇಕು, ತಲೆ ಬಾಗಿಸಬೇಕು, ಹೀಗೆ ಹೇಳಬೇಕು. ಗ್ರ್ಯಾಂಡ್‌ಪಾಗೆ ಸರ್‌ಪ್ರೈಸ್, ಡ್ಯಾಡಿಗೆ ಹೇಳಬೇಡ. ವಯಸ್ಸಾದ ಅಜ್ಜ ಮಗುವಿನ ತಲೆ ಮುಟ್ಟುವುದನ್ನು ಕಂಡರೆ ಮಗನ ಕಲ್ಲುಮನಸ್ಸು ಕರಗೀತು ಎಂದು ಅವಳ ಲೆಕ್ಕಾಚಾರ. ಪಾಪ, ಒಳ್ಳೆಯ ಉದ್ದೇಶವೇ.

ಅಬೆ ಎಂದರೆ ಹಳೆಯ ಕಾಲದ ಸನ್ಯಾಸಿಗಳ ಮಠ. ಈ ಸೇಂಟ್ ಕೀರನ್ ಎಂದೋ ಕಾಡ್ಗಿಚ್ಚಿಗೆ ಸಿಕ್ಕಿ ಸುಟ್ಟು ಚಾವಣಿ ಕಳೆದುಕೊಂಡದ್ದು. ಉಳಿದ ಕಲ್ಲಿನ ಗೋಡೆಗಳ ಒಳಮೈಯಲ್ಲಿ ಇನ್ನೂ ಮಸಿ ಇತ್ತು. ದೇವರಪೀಠವಿದ್ದ ಜಾಗದಲ್ಲಿ ಹುಲ್ಲು, ಮೇಲೆ ಬರಿಯ ಆಕಾಶ. ಸುತ್ತ ಮಾತ್ರ ಸೊಗಸಾದ ತೋಟ. ಆ ದೇಶದಲ್ಲಿ ಸೆಪ್ಟೆಂಬರ್ ಎಂದರೆ ವಸಂತವಾದ್ದರಿಂದ ಪ್ಲಮ್ ಗಿಡಗಳೆಲ್ಲ ಹೂಬಿಟ್ಟಿದ್ದವು. ನಮ್ಮವರು ಊರಿನಲ್ಲಿ ಹೊಸ ತೆನೆ ಬಂದಾಗ ಮಾಡುವ ಹಬ್ಬವನ್ನು ಇಲ್ಲಿ ಬೀಜ ಮೊಳೆಯುವ ಕಾಲದಲ್ಲಿ ಮಾಡುತ್ತಾರೆ. ಯಾರೋ ಹಿಂದಿನ ಕೊಯ್ಲಿನ ಒಣ ಭತ್ತದ ತೆನೆ ಜೋಪಾನವಾಗಿ ಇಟ್ಟಿದ್ದರು, ಅದನ್ನೇ ಪಾದ್ರಿಗಳು ಮಂತ್ರಿಸಿದರು.

ಹಬ್ಬಕ್ಕೆ ಮಕ್ಕಳು ಮೇರಿಮಾತೆಯ ಮುಂದೆ ಹೂ ಎರಚಬೇಕು. ಲೀಶಾಳ ತಟ್ಟೆ ಬೇಗ ಖಾಲಿಯಾಯಿತು. ಅವಳು ಓಡಿಹೋಗಿ ಅಬೆಯ ಕೆಂಪು ಕೆಮೀಲಿಯಾ ಗಿಡದಿಂದ ಕೈತುಂಬ ಕಿತ್ತಳು. ಹೂ ಕೀಳಬಾರದೆಂಬ ಬೋರ್ಡು ಪಕ್ಕದಲ್ಲೇ ಇತ್ತು. ತೋಟ ನೋಡಿಕೊಳ್ಳುವ ಬಿಳಿಯ ಹೆಂಗಸು ಬಂದು ಎಲ್ಲರ ಎದುರು ಸಿಡುಕಿದಳು. ಫೆಲಿಕ್ಸನ ಮುಖ ಕೆಂಪೇರಿತು. “ಲೀಶಾ!” ಎಂದು ಗುಡುಗಿದ. ಅದೇ ಹಳೆಯ ದನಿ, ಕಸುವಿಲ್ಲದ ಮೈಯಲ್ಲಿ ಅದೊಂದು ಎಲ್ಲಿ ಉಳಿದಿತ್ತೋ. ಸುಟ್ಟ ಗೋಡೆಗಳು ಅದನ್ನು ಹೊಡೆದು ವಾಪಸು ಕಳಿಸಿದವು. ದೂರದಲ್ಲಿ ಟೇಬಲ್ ಜೋಡಿಸುತ್ತಿದ್ದ ನೈಜೆಲ್‌ನ ಹೆಗಲೆರಡೂ ಕಿವಿಯವರೆಗೆ ಎದ್ದದ್ದನ್ನು ಮ್ಯಾಗ್ಡಲಿನ್ ನೋಡಿದಳು. ನೋಡಿಯೂ, ಏನಾಗಲಿಕ್ಕಿಲ್ಲ ಎಂದುಕೊಂಡಳು.

ಫೆಲಿಕ್ಸ್ ತನ್ನ ದನಿಗೆ ತಾನೇ ಹೆದರಿದವನಂತೆ ಹೋಗಿ ಮುರಿದ ಕಂಬದ ಬುಡದಲ್ಲಿ ಕೂತ. ಲೀಶಾ ಕಣ್ಣೊರೆಸಿಕೊಂಡು ಗ್ರ್ಯಾನಿಯ ಕಡೆ ನೋಡಿದಳು. ಅಜ್ಜನನ್ನು ಸಮಾಧಾನ ಮಾಡಲು ಇದೇ ಸಮಯವೆಂದು ಆ ಮಗುವಿಗೆ ತೋಚಿತು. ಮ್ಯಾಗ್ಡಲಿನ್‌ಗೂ ತೋಚಿತು. ಹೋಗು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

ಲೀಶಾ ಹೋಗಿ ಮೊಣಕಾಲೂರಿದಳು, ಕೈ ಜೋಡಿಸಿದಳು, ತಲೆ ಬಾಗಿಸಿದಳು. “ಬೆಸಾಂವ್ ದಿ, ಗ್ರ್ಯಾಂಡ್‌ಪಾ.”

ಆ ಮಾತನ್ನು ಫೆಲಿಕ್ಸನ ಮುಂದೆ ಯಾರೂ ಹೇಳದೆ ಇಪ್ಪತ್ತು ವರ್ಷವಾಗಿತ್ತು. ಮುದುಕನ ಕಣ್ಣು ತುಂಬಿ ಬಂತು. ಎದ್ದು ನಿಂತ. ಬಲಗೈಯನ್ನು ಹಳೆಯ ಕಾಲದ ರೀತಿಯಲ್ಲಿ ಮೇಲಕ್ಕೆತ್ತಿದ.

ನೈಜೆಲ್ ಹಿಂದಿನಿಂದ ಕಂಡದ್ದು ಇಷ್ಟು: ನೆಲದ ಮೇಲೆ ಕುಗ್ಗಿ ಕೂತ ಮಗಳು, ಅವಳ ತಲೆಯ ಮೇಲೆ ಎತ್ತಿದ ಅಪ್ಪನ ಕೈ.

ಅವನು ಓಡಿ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಮೊದಲ ಗುದ್ದು ದವಡೆಗೆ ಬಿತ್ತು. ಫೆಲಿಕ್ಸ್ ಪಕ್ಕಕ್ಕೆ ತೂರಾಡಿ ಕಲ್ಲಿನ ಮೆಟ್ಟಿಲಿಗೆ ಮುಖ ಕೊಟ್ಟು ಬಿದ್ದ. ಎಲುಬು ಕಲ್ಲಿಗೆ ತಾಗಿದ ಶಬ್ದ ಎಲ್ಲರಿಗೂ ಕೇಳಿಸಿತು. ನೈಜೆಲ್ ಅವನ ಕಾಲರ್ ಹಿಡಿದೆತ್ತಿ ಮತ್ತೆ ಹೊಡೆದ, ಮತ್ತೆ ಹೊಡೆದ. ಒಂದು ಹಲ್ಲು ಮಂತ್ರಿಸಿದ ತೆನೆಗಳ ಮೇಲೆ ಹೋಗಿ ಬಿತ್ತು. ಇಬ್ಬರು ಗಂಡಸರು ಅವನ ತೋಳು ಹಿಡಿದು ಹಿಂದೆಳೆದರು, ಶರಲ್ ಗಂಡನ ಹೆಸರು ಕೂಗುತ್ತ ಅಂಗಿ ಜಗ್ಗಿದಳು. ಮ್ಯಾಗ್ಡಲಿನ್ ನಿಂತಲ್ಲೇ ನಿಂತಿದ್ದಳು. ಇಲ್ಲಿ ನಲ್ಲಿ ಇರಲಿಲ್ಲ. ಪ್ರತಿಯೊಂದು ಏಟೂ ಕೇಳಿಸಿತು.

ಆಗ ಲೀಶಾ ಅಳುತ್ತ ಇಂಗ್ಲಿಷಿನಲ್ಲಿ ಹೇಳಿದಳು, ನಾನು ಬರೀ ಬೆಸಾಂವ್ ಕೇಳ್ತಾ ಇದ್ದೆ, ಗ್ರ್ಯಾನಿ ಕಲಿಸಿಕೊಟ್ಟದ್ದು ಅಂತ.

ಹಿಡಿದವರು ಬಿಟ್ಟರೂ ನೈಜೆಲ್ ಅಲುಗಲಿಲ್ಲ. ಅಪ್ಪನನ್ನು ನೋಡಿದ, ತನ್ನ ಮುಷ್ಟಿಯನ್ನು ನೋಡಿದ, ಆಮೇಲೆ ತಾಯಿಯನ್ನು ನೋಡಿದ. ಆ ನೋಟವನ್ನು ಮ್ಯಾಗ್ಡಲಿನ್ ಸಾಯುವ ತನಕ ಮರೆಯುವುದಿಲ್ಲ.

ಸಿಡುಕಿದ ಹೆಂಗಸೇ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತಂದಳು. ಹೊಡೆತ ಬೀಳುವಾಗ ಅವಳು ತೋಟದ ಆ ಕಡೆಗಿದ್ದಳು, ನಡೆದದ್ದನ್ನು ನೋಡಿರಲಿಲ್ಲ. ರಕ್ತ ಒರೆಸುತ್ತ, ಯಾರಾದರೂ ಹೊಡೆದರೇ, ಪೊಲೀಸರನ್ನು ಕರೆಯಲೇ ಎಂದು ಕೇಳಿದಳು. ಸುತ್ತ ನಿಂತ ನಮ್ಮವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡಿದರು. ಫೆಲಿಕ್ಸ್ ಒಡೆದ ತುಟಿಯಲ್ಲಿ ಹೇಳಿದ, ಪಾಚಿಯ ಮೇಲೆ ಕಾಲಿಟ್ಟೆ, ಜಾರಿ ಬಿದ್ದೆ.

ಜಾರಿ ಬಿದ್ದೆ! ಮ್ಯಾಗ್ಡಲಿನ್ ಅವನಿಗಾಗಿ ಕಲಿತ ಸುಳ್ಳನ್ನು ಅವನು ಇಂದು ಮಗನಿಗಾಗಿ ಹೇಳುತ್ತಿದ್ದ. ಮುದುಕ ಹೇಳಿದ್ದು ಪ್ರೀತಿಯಿಂದಲೇ, ಅದರಲ್ಲಿ ಅನುಮಾನವಿಲ್ಲ. ಹಾಗೆ ನೋಡಿದರೆ ಅಂದು ಆಸ್ಪತ್ರೆಯಲ್ಲಿ ಅವಳೂ ಹೇಳಿದ್ದು ಪ್ರೀತಿಯಿಂದಲೇ. ಆ ಪ್ರೀತಿಗೆ ಬೆಂಕಿ ಬೀಳಲಿ ಎಂದು ಅವಳಿಗೆ ಅಂದು ಮೊದಲ ಸಲ ಅನ್ನಿಸಿತು.

ಹಬ್ಬದ ಊಟ ಯಾರಿಗೂ ಬೇಡವಾಯಿತು. ಎಲ್ಲರೂ ಕಾರುಗಳ ಹತ್ತಿರ ಬಂದರು. ಶರಲ್ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಮುಖಕ್ಕೆ ಐಸ್ ಹಿಡಿದಿದ್ದಳು. ನೈಜೆಲ್ ಹೂವಿನ ತಟ್ಟೆ, ಚಾಪೆ ಎಲ್ಲವನ್ನೂ ಕಾರಿನ ಡಿಕ್ಕಿಗೆ ತುಂಬಿದ. ಲೀಶಾ ಅಲ್ಲೇ ಹಿಂದೆ ನಿಂತಿದ್ದಳು. ಮೇಲಕ್ಕೆ ತೆರೆದ ಡಿಕ್ಕಿಯ ಬಾಗಿಲನ್ನು ಎಳೆದು ಮುಚ್ಚಲೆಂದು ಅವನು ಕೈಯೆತ್ತಿದ.

ಲೀಶಾಳ ಎರಡೂ ತೋಳು ತಲೆಗೆ ಸುತ್ತಿಕೊಂಡವು. ಮೊಣಕೈ ಎರಡೂ ಮುಂದೆ ಚಾಚಿದ್ದವು.

ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ನೈಜೆಲ್‌ನ ಕೈ ಬಾಗಿಲಿನ ಮೇಲೆ ಹಾಗೇ ನಿಂತುಬಿಟ್ಟಿತು. ಮುಂದಿನ ಸೀಟಿನಿಂದ ಫೆಲಿಕ್ಸ್ ಐಸ್ ಸರಿಸಿ ಕನ್ನಡಿಯಲ್ಲಿ ನೋಡಿದ. ತೋಳುಗಳ ಒಳಗಿನಿಂದ ಲೀಶಾ ಕೇಳಿದಳು, “ಗ್ರ್ಯಾನಿ, ಗ್ರ್ಯಾಂಡ್‌ಪಾ ಸ್ಲಿಪ್ ಆಗಿ ಬಿದ್ರಾ?”

ಮ್ಯಾಗ್ಡಲಿನ್ ಗಿರಾವೀನಿನ ಹತ್ತಿರದ ವೃದ್ಧಾಶ್ರಮದಲ್ಲಿ ವರ್ಷಗಟ್ಟಲೆ ದುಡಿದವಳು. ನೆನಪು ಕಳೆದುಕೊಂಡು ಬೆಚ್ಚುವವರ ಬಳಿ ಎದುರಿನಿಂದಲೇ ಹೋಗಬೇಕು, ತಗ್ಗಿ ಕೂರಬೇಕು, ಎರಡೂ ಅಂಗೈ ಕಾಣುವಂತೆ ಹಿಡಿಯಬೇಕು. ಪರರ ಅಪ್ಪ-ಅಮ್ಮಂದಿರಿಗೆ ದಿನಾ ಹಾಗೆ ಮಾಡಿದವಳು ಮನೆಯವರಿಗೆ ಒಮ್ಮೆಯೂ ಮಾಡಿರಲಿಲ್ಲ. ಈಗ ಜಲ್ಲಿಕಲ್ಲಿನ ಮೇಲೆ ಮೊಣಕಾಲೂರಿ, ಮೊಮ್ಮಗಳಿಗಿಂತ ಕೆಳಗೆ ಕೂತು, ಅಂಗೈ ಎರಡನ್ನೂ ಮುಂದೆ ಹಿಡಿದಳು. ನಿಜ ಆಡಿದರೆ ಮಗ ಮತ್ತೆಂದೂ ಮನೆಗೆ ಸೇರಿಸಲಿಕ್ಕಿಲ್ಲ, ಈ ಮಗುವಿನ ಮುಖವನ್ನು ಇದೇ ಕೊನೆಯ ಸಲ ನೋಡುತ್ತಿರಬಹುದು, ಅದು ಅವಳಿಗೆ ಗೊತ್ತಿತ್ತು.

“ಇಲ್ಲ ಮಗಾ, ಜಾರಿದ್ದಲ್ಲ. ನಿನ್ನ ಡ್ಯಾಡಿ ಹೊಡೆದದ್ದು. ಡ್ಯಾಡಿ ನಿನ್ನಷ್ಟು ಇದ್ದಾಗಿಂದ ಗ್ರ್ಯಾಂಡ್‌ಪಾ ಅವನಿಗೆ ಹೊಡೀತಿದ್ರು. ನಾನು ಎಲ್ಲರ ಹತ್ರ ಜಾರಿ ಬಿದ್ದ ಅಂತ ಹೇಳ್ತಿದ್ದೆ.”

ನೈಜೆಲ್ ಡಿಕ್ಕಿಯ ಬಾಗಿಲಿನಿಂದ ಕೈ ತೆಗೆದು, ಅಲ್ಲೇ ಜಲ್ಲಿಯ ಮೇಲೆ ಕುಸಿದು ಕೂತ. ಬೆರಳ ಗಂಟುಗಳ ಮೇಲೆ ಅಪ್ಪನ ರಕ್ತ ಒಣಗಿದ ಕೈಗಳನ್ನು ತಾಯಿಯಂತೆಯೇ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡ.

ಲೀಶಾ ಬಹಳ ಹೊತ್ತಿನ ಮೇಲೆ ಒಂದು ತೋಳು ಕೆಳಗಿಳಿಸಿದಳು. ಇನ್ನೊಂದು ತಲೆಯ ಮೇಲೇ ಇತ್ತು.