ಹಮೀದಾಕನ ಮುಂದಿನ ಗಂಟೆ

ಜೂನ್ ತಿಂಗಳ ಕುವೈತಿನಲ್ಲಿ ಸೂರ್ಯನಿಗೆ ನಾಚಿಕೆಯೇ ಇಲ್ಲ. ಇನ್ನೂ ಐದು ಗಂಟೆ ಆಗಿರುವುದಿಲ್ಲ, ಆಗಲೇ ಫಿಂಟಾಸಿನ ನಮ್ಮ ಮನೆಯ ಪರದೆ ಸಂದಿಯಿಂದ ಮೂಗಿನ ಮೇಲೆ ಬಂದು ಕೂತಿರುತ್ತಾನೆ. ಕೆಲವು ದೇಶಗಳಲ್ಲಿ ಬೇಸಿಗೆ ಬಂದರೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ; ಇಲ್ಲಿ ಆ ಪದ್ಧತಿಯಿಲ್ಲ. ಇರಬೇಕಿತ್ತೇ ಎಂದು ನೀವು ಕೇಳಿದರೆ ನನಗೆ ಹಮೀದಾಕ ನೆನಪಾಗುತ್ತಾರೆ.

ಫರ್ವಾನಿಯಾದಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದ ಕಾಲ. ಪುತ್ತೂರಿನ ಹಮೀದಾಕನಿಗೆ, ಅಂದರೆ ನಮ್ಮ ಹಮೀದ್ ಕಾಕನಿಗೆ, ಕೆಳಗಡೆಯೇ ದಿನಸಿ ಅಂಗಡಿ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಬೇಕು. ಊರಲ್ಲಿ ಆಗ ಎಂಟೂವರೆ, ಮಗಳು ಶಾಲೆಗೆ ಹೊರಡುವ ಹೊತ್ತು. ಹಾಲು, ರೊಟ್ಟಿ ಇಳಿಸುವ ಗಡಿಬಿಡಿಯಲ್ಲಿ ಅವಳಿಗೆ ಮಾಡುವ ಫೋನು ತಪ್ಪಿಯೇ ಹೋಗುತ್ತಿತ್ತು. ಒಂದು ದಿನ ಅವರು ಕೋಣೆಯ ಅಲಾರಂ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟರು.

“ಅಲಾರಂ ಬೇಗ ಇಟ್ಕೊಂಡ್ರೆ ಸಾಲದಾ?” ಎಂದೆ.

“ಬೆಳಗಿನ ಜಾವದ ಸುಬ್‌ಹಿ ನಮಾಜ್ ಮುಗಿಸಿ ಮಲಗಿದವನಿಗೆ ನಾಲ್ಕೂಮುಕ್ಕಾಲು ಅಂತ ಕಂಡ್ರೆ ಪುನಃ ನಿದ್ರೆ ಬರ್ತದೆ ಮಾರಾಯ್ರೇ. ಐದೂಮುಕ್ಕಾಲು ಅಂತ ಕಂಡ್ರೆ ಹೆದರಿ ಏಳ್ತೇನೆ. ಮತ್ತೆ, ಊರು ಒಂದು ಗಂಟೆ ಹತ್ತಿರ ಬಂತಲ್ಲ?”

ನಾನೋ ಹೊಸ ಇಂಜಿನಿಯರ್. ಇದರಿಂದ ಒಂದು ನಿಮಿಷವೂ ಉಳಿಯುವುದಿಲ್ಲವೆಂದು ಕಾಗದದ ಮೇಲೆ ಗೀಚಿ ತೋರಿಸಿದೆ. “ಹೌದಾ?” ಎಂದು ಅದೇ ಕಾಗದದಲ್ಲಿ ಕಡಲೆ ಕಟ್ಟಿಕೊಟ್ಟರು. ಮೊಂಡುತನ ಬಿಡಿಸೋಣವೆಂದು ಒಂದು ಸಂಜೆ, ಅವರು ಅಂಗಡಿಯಲ್ಲಿದ್ದಾಗ, ಮುಳ್ಳನ್ನು ಗುಟ್ಟಾಗಿ ಹಿಂದಕ್ಕೆ ತಿರುಗಿಸಿದೆ.

ಮರುದಿನ ಅವರ ಮಗಳ ಹೈಸ್ಕೂಲಿನ ಮೊದಲ ದಿನವೆಂದು ನನಗೆ ಗೊತ್ತಿರಲಿಲ್ಲ. ಹಮೀದಾಕ ಒಂದು ಗಂಟೆ ತಡವಾಗಿ ಎದ್ದು ಫೋನು ಮಾಡುವಷ್ಟರಲ್ಲಿ ಅವಳು ಹೊರಟಾಗಿತ್ತು.

“ಖಲಾಸ್, ಹೋದ್ಲಂತೆ,” ಎಂದರು. “ಹೊಸ ಯೂನಿಫಾರ್ಮ್ ಹಾಕಿ ಫೋನಿನ ಹತ್ರವೇ ಕೂತಿದ್ಲಂತೆ.”

ಮುಳ್ಳು ತಿರುಗಿಸಿದ್ದು ಯಾರೆಂದು ಅವರು ಕೇಳಲಿಲ್ಲ. ಕೋಣೆಯಲ್ಲಿದ್ದವರು ಇಬ್ಬರೇ, ಕೇಳುವ ಅಗತ್ಯವೂ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಗ ನನ್ನ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಎಂಟೂವರೆಗೆ ಕ್ಲಾಸಿಗೆ ಹೊರಡುತ್ತಾಳೆ. ಈ ಬೆಳಿಗ್ಗೆ ಹೆಂಡತಿ ಗಡಿಯಾರವನ್ನೂ ನನ್ನನ್ನೂ ನೋಡಿ, “ಏನ್ರೀ ಇದು, ಒಂದು ಗಂಟೆ ಮುಂದಿದೆ?” ಎಂದಳು.

“ಇರಲಿ ಬಿಡು,” ಎಂದೆ, ಫೋನು ಕೈಗೆತ್ತಿಕೊಳ್ಳುತ್ತ. “ಊರಿಗೆ ಹತ್ತಿರ.”