ಗದೆಮಾವನ ದೌರ್ಬಲ್ಯಗಳು

ನಮ್ಮ ವಿಡಿಯೊ ಗೇಮಿನ ಪ್ರತಿ ಹಂತದ ಕೊನೆಗೂ ಅದೇ ದೈತ್ಯ ಗದೆ ಹೊತ್ತು ಬರುತ್ತಾನೆ. ಸೋಲಿಸಿ ಕಳಿಸಿದರೂ ಮುಂದಿನ ಹಂತದಲ್ಲಿ ಕರೆಯದೆ ಬರುವ ನೆಂಟನಂತೆ ನಮಗಿಂತ ಮೊದಲೇ ಹಾಜರಿರುತ್ತಾನೆ, ಹಾಗಾಗಿ ಮನೆಮಂದಿಗೆಲ್ಲ ಅವನು ಗದೆಮಾವ. ಬಾಣ, ಬೆಂಕಿ, ಸಿಡಿಮದ್ದಿಗೆ ಅವನ ಒಂದು ಕೂದಲೂ ಕೊಂಕದು. ಆದರೆ ದಾರಿಯಲ್ಲಿ ಕುರ್ಚಿಯೊಂದು ಓರೆಯಾಗಿದ್ದರೆ ಅದನ್ನು ನೆಟ್ಟಗಿಡದೆ ಮುಂದೆ ಬರಲಾರ. ಕಾಲೊರಸು ಕಂಡರೆ ಎರಡೂ ಪಾದ ಒರೆಸಿಕೊಂಡೇ ಯುದ್ಧಕ್ಕಿಳಿಯುತ್ತಾನೆ. ಅಷ್ಟರಲ್ಲಿ ತಂಗಿ ಕತ್ತಿಯಿಂದ ಹತ್ತು ಏಟು ಹಾಕಿರುತ್ತಾಳೆ. ಕೋಳಿಮರಿಗಳು ಅಡ್ಡ ಬಂದರಂತೂ ಅವೆಲ್ಲ ದಾಟುವ ತನಕ ಗದೆ ಕೆಳಗಿಟ್ಟು ಕೈಕಟ್ಟಿ ನಿಲ್ಲುತ್ತಾನೆ. "ಇಂಥವನಿಗೆ ದೈತ್ಯನ ಕೆಲಸ ಯಾರು ಕೊಟ್ರೋ" ಎಂದು ಅಪ್ಪ ನಗುತ್ತಾರೆ. ಮೊನ್ನೆ ಅಮ್ಮ ಮೊದಲ ಸಲ ಆಡಲು ಕೂತಳು. ಉಳಿದದ್ದು ಒಂದೇ ಜೀವ, ಗದೆಮಾವ ಗದೆ ಎತ್ತಿದ್ದ, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಆಟ ನಿಲ್ಲಿಸಲು ಬಾರದ ಅಮ್ಮ ಎಲ್ಲ ಬಿಟ್ಟು ಅಡುಗೆಮನೆಗೆ ಓಡಿದಳು. ಪರದೆಯ ಮೇಲೆ ಅವಳ ಸಿಪಾಯಿ ಗರಬಡಿದಂತೆ ನಿಂತ. ಕಥೆ ಮುಗಿಯಿತು ಅಂದುಕೊಂಡೆವು. ಗದೆಮಾವ ಮೆಲ್ಲಗೆ ಗದೆ ಇಳಿಸಿದ, ಸಿಪಾಯಿಗೆ ಬೆನ್ನು ಮಾಡಿ ಕಾವಲು ನಿಂತ, ಮೇಲೆರಗಿದ ಬಾವಲಿಗಳನ್ನೆಲ್ಲ ಹುಶ್ ಹುಶ್ ಎಂದು ಓಡಿಸತೊಡಗಿದ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಅಮ್ಮ ಅದನ್ನು ನೋಡಿ, "ಬಂದೆ ಬಂದೆ, ಕಾಯಿಸಿಬಿಟ್ಟೆ. ಈಗ ಹೊಡಿಯಪ್ಪ" ಎಂದಳು.